ದೋರನಹಳ್ಳಿಯ ಹರಕೆ, ಪದುವಾದ ಸೆರೆಮನೆ



ಕ್ರೈಸ್ತ ಸಭೆಗಳಲ್ಲಿ ಈಚಿನ ವರ್ಷಗಳಲ್ಲಿ 'ಆತ್ಮಿಕ ಯುದ್ಧ' ಎಂಬ ಮಾತು ಬಹಳ ಕೇಳಿಬರುತ್ತಿದೆ. ಪ್ರಾರ್ಥನಾ ಕೂಟಗಳ ಕರಪತ್ರಗಳಲ್ಲಿ, ಹಾಡುಗಳಲ್ಲಿ, ಮೊಬೈಲಿನಲ್ಲಿ ಹರಿದಾಡುವ ಪ್ರಸಂಗಗಳಲ್ಲಿ ಅದೇ ಮಾತು. ಸೈತಾನನನ್ನು ಕಟ್ಟಿಹಾಕುತ್ತೇವೆ, ಈ ಊರಿನ ಮೇಲೆ ಕೂತಿರುವ ಕತ್ತಲೆಯ ಶಕ್ತಿಯನ್ನು ಕಿತ್ತೊಗೆಯುತ್ತೇವೆ ಎಂದು ಗಂಟಲು ಕಟ್ಟುವವರೆಗೂ ಪ್ರಾರ್ಥಿಸುವವರಿದ್ದಾರೆ. ಪ್ರಾರ್ಥನೆಯಲ್ಲಿ ನನಗೂ ನಂಬಿಕೆಯಿದೆ. ಲೋಕದಲ್ಲಿರುವ ಕೆಡುಕು ಒಬ್ಬೊಬ್ಬರ ತಪ್ಪನ್ನು ಕೂಡಿಸಿದರೆ ಬರುವ ಲೆಕ್ಕವಷ್ಟೇ ಅಲ್ಲ, ಅದಕ್ಕೆ ಅದರದೇ ಆದ ಬಲವಿದೆ ಎಂದೂ ನಂಬುತ್ತೇನೆ. ಹಾಗೆ ನಂಬುವುದರಿಂದಲೇ ನನಗೆ ಈ ಪ್ರಶ್ನೆ ದೊಡ್ಡದು: ಯುದ್ಧ ಸರಿ, ಯಾರ ಮೇಲೆ? ಹೊಸ ಅಗ್ರಹಾರದಂಥ ಊರಿನಲ್ಲಿ, ಕೆ.ಆರ್.ನಗರ ತಾಲ್ಲೂಕಿನ ಭತ್ತದ ಬಯಲಿನಲ್ಲಿ, ಹುಣಸೂರು ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳಲ್ಲಿ, ಎಚ್.ಡಿ.ಕೋಟೆಯ ಕಾಡಂಚಿನ ಹಾಡಿಗಳಲ್ಲಿ ಶತ್ರು ಎಲ್ಲಿದ್ದಾನೆ?

ಈ ಯುದ್ಧದ ಮಾತಿಗೆಲ್ಲ ಮೂಲ ಬೈಬಲಿನಲ್ಲಿ ಪೌಲನು ಎಫೆಸದ ಸಭೆಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯ. ಆ ಪತ್ರ ಬರೆಯುವಾಗ ಪೌಲ ಸೆರೆಯಲ್ಲಿದ್ದ. ಸಂಕೋಲೆಯಲ್ಲಿದ್ದೇನೆ ಎಂದು ಅದೇ ಅಧ್ಯಾಯದಲ್ಲಿ ಹೇಳಿಕೊಳ್ಳುತ್ತಾನೆ. ರೋಮಿನ ಸಿಪಾಯಿಗಳು ಅವನಿಗೆ ಹೊಸಬರಲ್ಲ. ಹೊಡೆತ ತಿಂದವನು, ಕಾವಲಿನಲ್ಲಿ ದಿನ ತಳ್ಳಿದವನು. ಶತ್ರು ಯಾರೆಂದು ಅವನನ್ನು ಕೇಳಿದ್ದರೆ ಬಾಗಿಲಲ್ಲಿ ನಿಂತವನ ಕಡೆ ಬೆರಳು ತೋರಿಸಬಹುದಿತ್ತು. ತೋರಿಸಲಿಲ್ಲ. ನಮ್ಮ ಹೋರಾಟ ಮನುಷ್ಯರ ಜೊತೆಗಲ್ಲ ಎಂದು ಮೊದಲೇ ತೀರ್ಮಾನ ಹೇಳಿ, ಆ ಸಿಪಾಯಿಯ ಮೈಮೇಲಿನ ಒಂದೊಂದೇ ಸಲಕರಣೆಯನ್ನು ಎತ್ತಿಕೊಂಡು ಬೇರೆ ಅರ್ಥ ಕೊಟ್ಟ. ನಡುಪಟ್ಟಿ ಸತ್ಯವಾಯಿತು, ಎದೆಯ ಕವಚ ನೀತಿಯಾಯಿತು, ಗುರಾಣಿ ನಂಬಿಕೆಯಾಯಿತು, ಶಿರಸ್ತ್ರಾಣ ರಕ್ಷಣೆಯಾಯಿತು, ಕತ್ತಿ ದೇವರ ವಾಕ್ಯವಾಯಿತು. ಕಾಲಿನ ಕೆರ ಏನಾಯಿತು ಗೊತ್ತೇ? ಸಮಾಧಾನದ ಸುವಾರ್ತೆಯನ್ನು ಹೊತ್ತು ನಡೆಯುವ ಸಿದ್ಧತೆ. ಯುದ್ಧಕ್ಕೆ ಹೊರಟವನ ಕಾಲಿಗೆ ಸಮಾಧಾನ! ಆ ಪಟ್ಟಿಯನ್ನು ಮೇಲಿಂದ ಕೆಳಗೆ ಎಷ್ಟು ಸಲ ಓದಿದರೂ ಇನ್ನೊಬ್ಬ ಮನುಷ್ಯನಿಗೆ ಗಾಯ ಮಾಡುವ ಆಯುಧ ಒಂದೂ ಸಿಗುವುದಿಲ್ಲ.

ಇಪ್ಪತ್ತನೆಯ ಶತಮಾನದ ಕೊನೆಗೆ ಅಮೆರಿಕದ ಪೀಟರ್ ವ್ಯಾಗ್ನರ್ ಮೊದಲಾದವರು ಇದಕ್ಕೆ ಒಂದು ಹೊಸ ಬೋಧನೆಯನ್ನು ಸೇರಿಸಿದರು. ಒಂದೊಂದು ಊರನ್ನೂ ಸೀಮೆಯನ್ನೂ ಒಂದೊಂದು ದುರಾತ್ಮ ಆಳುತ್ತದೆ, ಅದನ್ನು ಗುರುತಿಸಿ, ಹೆಸರು ಹಿಡಿದು, ಪ್ರಾರ್ಥನೆಯಿಂದ ಇಳಿಸಬೇಕು ಎಂದು. ಇದರ ಬಗ್ಗೆ ಕ್ರೈಸ್ತ ಲೋಕದೊಳಗೇ ಕಳವಳ ಎದ್ದಿತು. ಲೌಸಾನ್ ಚಳವಳಿ ಎಂಬ ಕ್ರೈಸ್ತ ಸಂಘಟನೆಯವರು 1993ರಲ್ಲಿ ಲಂಡನ್ನಿನಲ್ಲಿ, ಮತ್ತೆ 2000ದ ಆಗಸ್ಟಿನಲ್ಲಿ ನೈರೋಬಿಯಲ್ಲಿ ಕೂತು ಚರ್ಚಿಸಿದರು. ಆ ಚರ್ಚೆಯ ಒಳಸುಳಿಗಳು ಇಲ್ಲಿ ಬೇಡ. ನಮ್ಮ ಹಳ್ಳಿಗಳಲ್ಲಿ ಆ ಬೋಧನೆ ಬಂದಿಳಿದಾಗ ಏನಾಗುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ. ಪಕ್ಕದ ಬೀದಿಯ ಮಾರಿಗುಡಿ ಶತ್ರುವಿನ ಪಾಳೆಯವಾಗಿಬಿಡುತ್ತದೆ. ಜಾತ್ರೆಯ ದಿನ ಹಬ್ಬದೂಟಕ್ಕೆ ಕರೆದ ನೆರೆಯವಳನ್ನು ಕಂಡರೆ ಅಳುಕು. ಗದ್ದೆಯಲ್ಲಿ ಜೊತೆಗೆ ನಾಟಿ ಹಾಕಿದವಳು, ಹೆರಿಗೆ ನೋವಿನಲ್ಲಿ ಬೆನ್ನು ನೀವಿದವಳು ಒಂದು ಪ್ರಸಂಗದ ಕೊನೆಗೆ ಎದುರು ಪಕ್ಷದವಳಾಗುತ್ತಾಳೆ. ನೆರೆಯವರನ್ನು ಶತ್ರು ಮಾಡಿಕೊಂಡ ಸಭೆ ಪೌಲ ಹೇಳಿದ ರಣರಂಗವನ್ನು ಬಿಟ್ಟು ಓಡಿಬಂದ ಸಭೆ. ಇದನ್ನು ನಾನು ಕಟುವಾಗಿಯೇ ಹೇಳುತ್ತೇನೆ.

ನಮ್ಮ ಸೀಮೆಗೆ ಬೇರೆಯದೇ ಒಂದು ಪರಂಪರೆಯಿದೆ. ಕೆ.ಆರ್.ನಗರ ತಾಲ್ಲೂಕಿನ ದೋರನಹಳ್ಳಿಯನ್ನು ನೋಡಿ. ಸುಮಾರು ಇನ್ನೂರು ವರ್ಷಗಳ ಹಿಂದೆ ಅಲ್ಲಿ ಒಬ್ಬ ರೈತ ಹೊಲ ಉಳುವಾಗ ನೇಗಿಲಿಗೆ ಒಂದು ಮರದ ಪ್ರತಿಮೆ ಸಿಕ್ಕಿತಂತೆ. ಬೊಂಬೆ ಅಂದುಕೊಂಡ. ಆಮೇಲೆ ಕನಸು, ಕನಸಿನಲ್ಲಿ ಕಂಡವರ ಮಾತಿನಂತೆ ಒಂದು ಪುಟ್ಟ ಗುಡಿ. ಆ ಪ್ರತಿಮೆ ಸಂತ ಅಂತೋಣಿಯವರದೆಂದು ಆಮೇಲೆ ತಿಳಿಯಿತು ಎಂದು ಊರವರು ಹೇಳುತ್ತಾರೆ. ಗುಡಿ ಬೆಳೆದು ದೇವಾಲಯವಾಯಿತು. 2019ರಲ್ಲಿ ಪೋಪ್ ಫ್ರಾನ್ಸಿಸ್ ಅದಕ್ಕೆ ಬೆಸಿಲಿಕದ ಪದವಿ ಕೊಟ್ಟರು. ಪ್ರತಿ ವರ್ಷ ಜೂನ್ 13ರ ಹಬ್ಬಕ್ಕೆ, ಮಂಗಳವಾರಗಳಂದು ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮುಡಿ ಕೊಡುತ್ತಾರೆ, ಮೇಣದ ಬತ್ತಿ ಹಚ್ಚುತ್ತಾರೆ. ನಿನ್ನ ಜಾತಿ ಯಾವುದು, ನಿನ್ನ ದೇವರು ಯಾರು ಎಂದು ಕೇಳುವವರಿಲ್ಲ. ಕಥೆಯ ಪ್ರಕಾರ ಆ ದೇವಾಲಯದ ಮೂಲವೇ ಉಳುವವನ ನೇಗಿಲು. ಸಭೆ ನೆರೆಯವರ ನಡುವೆ ಹೇಗಿರಬೇಕೆಂದು ತಿಳಿಯಲು ನಮ್ಮವರು ಲಂಡನ್ನಿಗೆ ಹೋಗಬೇಕಾಗಿಲ್ಲ.

ದೋರನಹಳ್ಳಿಗೆ ಬರುವವರಲ್ಲಿ ಒಂದು ಗುಂಪನ್ನು ಕುರಿತು ಹೆಚ್ಚು ಹೇಳಬೇಕು. 'ಗಾಳಿ ಸೋಕಿದೆ', 'ಮೈಮೇಲೆ ಬಂದಿದೆ', 'ಯಾರೋ ಮಾಟ ಮಾಡಿಸಿದ್ದಾರೆ' ಎಂದು ಮನೆಯವರು ಕರೆತರುವ ಹೆಣ್ಣುಮಕ್ಕಳು, ಹುಡುಗರು. ಹೀಗೆ ಕರೆದೊಯ್ಯುವುದು ಒಂದು ಧರ್ಮದವರ ರೂಢಿಯಲ್ಲ. ದೇವಸ್ಥಾನಕ್ಕೂ ದರ್ಗಾಕ್ಕೂ ಚರ್ಚಿಗೂ ಪ್ರಾರ್ಥನಾ ಕೂಟಕ್ಕೂ ಒಂದೇ ಕುಟುಂಬ ಸುತ್ತುತ್ತದೆ. ದಿಕ್ಕು ತೋಚದ ತಾಯಿಗೆ ಬಾಗಿಲುಗಳ ನಡುವೆ ಭೇದ ಕಾಣುವುದಿಲ್ಲ. ಅವಳನ್ನು ಮೂಢಳೆಂದು ಕರೆಯುವ ಹಕ್ಕು ನಮಗಿಲ್ಲ. ಅವಳ ಮಗಳು ನಿದ್ದೆ ಮಾಡಿ ದಿನಗಳಾಗಿವೆ, ಯಾರೂ ಇಲ್ಲದ ಕಡೆ ದನಿ ಕೇಳುತ್ತಿದೆ, ಊಟ ಬಿಟ್ಟಿದ್ದಾಳೆ. ಆ ನೋವು ನಿಜ.

ಆ ನೋವಿಗೆ ಸಭೆಯ ಉತ್ತರ ಏನು? ಕಥೋಲಿಕ ಧರ್ಮಸಭೆ 1614ರಲ್ಲಿ ಹೊರಡಿಸಿದ ವಿಧಿಪುಸ್ತಕದಲ್ಲೇ, ಒಬ್ಬರಿಗೆ ದುರಾತ್ಮ ಹಿಡಿದಿದೆಯೆಂದು ಸುಲಭವಾಗಿ ನಂಬಬೇಡಿ ಎಂದು ಪಾದ್ರಿಗಳಿಗೆ ಮೊದಲ ಎಚ್ಚರಿಕೆಯಿದೆ. ಮನೋವೈದ್ಯ ಎಂಬ ವಿದ್ಯೆ ಹುಟ್ಟುವುದಕ್ಕೂ ಬಹಳ ಹಿಂದಿನ ಮಾತಿದು. 1999ರಲ್ಲಿ ಆ ವಿಧಿಯನ್ನು ತಿದ್ದಿದಾಗಲೂ, ಕಾಯಿಲೆಯೋ ಅಲ್ಲವೋ ಎಂದು ಮೊದಲು ಬಲ್ಲವರಿಂದ ತಿಳಿದುಕೊಳ್ಳಬೇಕೆಂಬ ಅಂಶ ಉಳಿಯಿತು. ಬಿಷಪ್ಪರ ಅನುಮತಿಯಿಲ್ಲದೆ ಯಾವ ಪಾದ್ರಿಯೂ ದೆವ್ವ ಬಿಡಿಸುವ ವಿಧಿಗೆ ಕೈಹಾಕುವಂತಿಲ್ಲ. ಸ್ವತಂತ್ರವಾಗಿ ನಡೆಯುವ ಸಣ್ಣ ಸಣ್ಣ ಸಭೆಗಳಲ್ಲಿ ಈ ಬೇಲಿ ಇಲ್ಲ. ಅಲ್ಲಿ ಪಾಸ್ಟರ ವಿವೇಕವೇ ಬೇಲಿ. ಹೆಚ್ಚಿನವರಿಗೆ ಆ ವಿವೇಕವಿದೆ ಎಂದು ನಾನು ಬಲ್ಲೆ. ಇಲ್ಲದ ಕಡೆ ಏನಾಗುತ್ತದೆ? ಮಾತ್ರೆ ನುಂಗುವುದು ನಂಬಿಕೆಯ ಕೊರತೆ ಎಂದು ಹೇಳಿಬಿಡುತ್ತಾರೆ, ಡಾಕ್ಟರು ಕೊಟ್ಟ ಮಾತ್ರೆ ನಿಂತುಹೋಗುತ್ತದೆ. ಇನ್ನು ಕೆಲವೆಡೆ ಹೊಡೆತ, ಹಗ್ಗ, ಮೆಣಸಿನಕಾಯಿಯ ಹೊಗೆ.

ಈ ರಾಜ್ಯದ ಕಾನೂನು ಇಲ್ಲಿ ಸ್ಪಷ್ಟ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ 2017ರ ಅಧಿನಿಯಮ 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು ಅದರಡಿ ಅಪರಾಧ. ಕೇಂದ್ರದ ಮಾನಸಿಕ ಆರೋಗ್ಯ ಕಾಯಿದೆಯೂ 2017ರದೇ. ಮನೋರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಇಡಕೂಡದೆಂದು ಅದು ಹೇಳುತ್ತದೆ. ಸರಪಳಿಯ ಮಾತು ಕಾಯಿದೆಯಲ್ಲಿ ಸುಮ್ಮನೆ ಬಂದದ್ದಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಒಂದು ಆಶ್ರಯದಲ್ಲಿ ಬೆಂಕಿ ಬಿದ್ದಾಗ, ಕಂಬಗಳಿಗೆ ಸರಪಳಿಯಲ್ಲಿ ಬಿಗಿದಿದ್ದ ರೋಗಿಗಳು ಎದ್ದು ಓಡಲಾಗಲಿಲ್ಲ. 28 ಜನ ಸತ್ತರು. ಅಲ್ಲಿ ಸೈತಾನನ ಕೆಲಸ ಯಾವುದಾಗಿತ್ತು? ರೋಗಿಯ ತಲೆಯೊಳಗಿನ ದನಿಯೋ, ಅವನ ಕಾಲಿನ ಸರಪಳಿಯೋ? ಸರಪಳಿ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಸುವಾರ್ತೆಯಲ್ಲೂ ಸರಪಳಿಯಿದೆ. ಮಾರ್ಕನ ಐದನೆಯ ಅಧ್ಯಾಯದಲ್ಲಿ ಗೋರಿಗಳ ನಡುವೆ ಬದುಕುತ್ತಿದ್ದ ಒಬ್ಬ ಮನುಷ್ಯ ಬರುತ್ತಾನೆ. ಊರವರು ಅವನನ್ನು ಸರಪಳಿಯಿಂದ ಕಟ್ಟಿ ಕಟ್ಟಿ ಸೋತಿದ್ದರು. ಯೇಸು ಅವನ ಮೇಲೆ ಕೈ ಎತ್ತಲಿಲ್ಲ, ಹೆಸರು ಕೇಳಿದರು. ಕೊನೆಗೆ ಊರವರು ಬಂದು ನೋಡಿದಾಗ ಅವನು ಬಟ್ಟೆ ಹಾಕಿಕೊಂಡು, ಸ್ವಸ್ಥ ಬುದ್ಧಿಯಿಂದ ಕೂತಿದ್ದ. ಯೇಸು ಅವನನ್ನು ತಮ್ಮ ಹಿಂದೆ ಮೆರವಣಿಗೆ ಮಾಡಿಕೊಂಡು ಹೋಗಲಿಲ್ಲ. ಮನೆಗೆ ಹೋಗು, ನಿನ್ನವರ ಹತ್ತಿರ ಹೋಗು ಎಂದು ಕಳಿಸಿದರು. ಈ ಕಥೆಯಲ್ಲಿ ನಾವು ಅವಸರದಲ್ಲಿ ದಾಟಿಬಿಡುವ ಇನ್ನೊಂದು ಸಂಗತಿಯಿದೆ. ಅವನನ್ನು ಬಿಟ್ಟ ದುರಾತ್ಮಗಳು ಹೊಕ್ಕ ಸುಮಾರು ಎರಡು ಸಾವಿರ ಹಂದಿಗಳು ಸರೋವರಕ್ಕೆ ಬಿದ್ದು ಸತ್ತವು. ಊರವರು ಮನುಷ್ಯ ಗುಣವಾದದ್ದನ್ನು ಕಂಡೂ, ನೀನು ನಮ್ಮ ಸೀಮೆ ಬಿಟ್ಟು ಹೋಗು ಎಂದು ಯೇಸುವನ್ನು ಬೇಡಿಕೊಂಡರು. ಒಬ್ಬನ ಬಿಡುಗಡೆಗೆ ಬೆಲೆಯಿದೆ, ಆ ಬೆಲೆ ಊರಿನ ವ್ಯಾಪಾರವನ್ನು ಮುಟ್ಟುತ್ತದೆ. ಮುಟ್ಟಿದಾಗ ಯೇಸುವೇ ಊರಿಗೆ ಬೇಡವಾಗುತ್ತಾರೆ.

ಈ ಸೀಮೆಯ ಹಿಂದಿನ ಮಿಷನರಿಗಳಲ್ಲಿ ಕೆಲವರು, ಬಿಡುಗಡೆಯೆಂದರೆ ಮೈಯ ರೋಗದಿಂದಲೂ ಬಿಡುಗಡೆ ಎಂಬುದನ್ನು ಬಲ್ಲವರಾಗಿದ್ದರು. 1799ರ ನಂತರ ಫ್ರಾನ್ಸಿನ ಪಾದ್ರಿ ಆಬೆ ದ್ಯುಬುವಾ ಮೈಸೂರು ಸೀಮೆಯ ಹಳ್ಳಿಗಳಲ್ಲಿ ತಿರುಗಿದರು. ಮತಾಂತರದಲ್ಲಿ ತಾನು ಸೋತೆ ಎಂದು ಅವರೇ ಬರೆದುಕೊಂಡಿದ್ದಾರೆ. ಆದರೆ ಸಿಡುಬಿಗೆ ದೇವಿ ಹಾಕುವ ಕೆಲಸವನ್ನು ಇಲ್ಲಿ ಹರಡಿದವರಲ್ಲಿ ಅವರು ಮುಖ್ಯರು. ಮನೆಮನೆಯಲ್ಲಿ ಮಕ್ಕಳನ್ನು ಕೊಂಡೊಯ್ಯುತ್ತಿದ್ದ ರೋಗ, ಅದರ ಮೇಲೆ ಅಮ್ಮನ ಮುನಿಸೆಂಬ ಭಯ. ಆ ಭಯದ ಎದುರು ಸೂಜಿ ಹಿಡಿದು ಕೂತ ಪಾದ್ರಿಯನ್ನು ನಾನು ಆತ್ಮಿಕ ಯುದ್ಧದ ಯೋಧನೆಂದೇ ಎಣಿಸುತ್ತೇನೆ. 1906ರಲ್ಲಿ ವೆಸ್ಲಿಯನ್ ಮಿಷನ್ ಮೈಸೂರಿನಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಇಂದಿಗೂ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ.

ಈಗ ಅಂತೋಣಿಯವರ ಕಡೆಗೆ ಬರೋಣ. ಈ ಮಾತನ್ನು ನಾನು ಮುಖ್ಯವಾಗಿ ಇದಕ್ಕಾಗಿಯೇ ಎತ್ತಿಕೊಂಡೆ.

ದೋರನಹಳ್ಳಿಯಲ್ಲಿ ಅವರನ್ನು ಪವಾಡ ಪುರುಷರೆಂದು ಬಲ್ಲೆವು. ಕಳೆದದ್ದನ್ನು ಹುಡುಕಿಕೊಡುವವರು, ಕೆಟ್ಟ ಶಕ್ತಿಗಳನ್ನು ಓಡಿಸುವವರು. ದುಷ್ಟಶಕ್ತಿಗಳ ವಿರುದ್ಧ ಅವರ ಹೆಸರಿನಲ್ಲೇ ಒಂದು ಚಿಕ್ಕ ಪ್ರಾರ್ಥನೆಯಿದೆ. ರೋಮಿನ ಸಂತ ಪೇತ್ರರ ಚೌಕದ ಕಲ್ಲುಕಂಬದ ಬುಡದಲ್ಲಿ ಪೋಪ್ ಐದನೆಯ ಸಿಕ್ಸ್ಟಸ್ ಅದನ್ನು ಕೆತ್ತಿಸಿದ್ದಾರೆ. ಇಷ್ಟೆಲ್ಲ ಕೀರ್ತಿಯುಳ್ಳ ಮನುಷ್ಯ ತಮ್ಮ ಬದುಕಿನ ಕೊನೆಯ ತಿಂಗಳುಗಳಲ್ಲಿ ಯಾರ ವಿರುದ್ಧ ಹೋರಾಡಿದರು?

ಅಂತೋಣಿ ಹುಟ್ಟಿದ್ದು ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ, 1195ರ ಸುಮಾರಿಗೆ. ಸತ್ತದ್ದು ಇಟಲಿಯ ಪದುವಾದ ಬಳಿ, 1231ರ ಜೂನ್ 13ರಂದು. ನಾವು ಹಬ್ಬ ಮಾಡುವುದು ಅವರು ತೀರಿಕೊಂಡ ದಿನವನ್ನು. ಆ ವರ್ಷದ ತಪಸ್ಸುಕಾಲದಲ್ಲಿ ಅವರು ಪದುವಾದಲ್ಲಿ ದಿನವೂ ಪ್ರಸಂಗ ಮಾಡಿದರು. ಚರ್ಚು ಸಾಲದೆ ಬಯಲಿನಲ್ಲಿ ಜನ ಸೇರಿದರು. ಪದುವಾ ವ್ಯಾಪಾರದ ಊರು, ಬಡ್ಡಿಯ ಊರು. ಸಾಲ ತೀರಿಸಲಾಗದವನನ್ನು ಸೆರೆಮನೆಗೆ ಹಾಕುತ್ತಿದ್ದರು. ಸೆರೆಯಲ್ಲಿ ದುಡಿಮೆಯಿಲ್ಲ, ದುಡಿಮೆಯಿಲ್ಲದೆ ಸಾಲ ತೀರುವುದಿಲ್ಲ, ಸಾಲ ತೀರದೆ ಸೆರೆ ಬಿಡುವುದಿಲ್ಲ. ಅಂತೋಣಿ ಬಡ್ಡಿಕೋರರ ವಿರುದ್ಧ ಹರಿಹಾಯ್ದರು. ಪ್ರಸಂಗಕ್ಕೇ ನಿಲ್ಲಿಸಲಿಲ್ಲ, ನಗರದ ಆಡಳಿತದವರ ಮುಂದೆ ಹೋಗಿ ಕಾನೂನು ತಿದ್ದುವಂತೆ ಕೇಳಿದರು. ಮಾರ್ಚಿನಲ್ಲಿ ಪದುವಾ ನಗರಸಭೆ ಕಟ್ಟಳೆ ಮಾಡಿತು: ಸಾಲಗಾರ ತನ್ನಲ್ಲಿರುವ ಆಸ್ತಿಯನ್ನು ಬಿಟ್ಟುಕೊಟ್ಟ ಮೇಲೆ ಅವನ ಮೈಯನ್ನು ಸೆರೆಯಲ್ಲಿ ಇಡಕೂಡದು. ಇದು ಸಹೋದರ ಅಂತೋಣಿಯವರ ಕೋರಿಕೆಯಿಂದ ಆದದ್ದೆಂದು ಆ ಕಟ್ಟಳೆಯಲ್ಲೇ ದಾಖಲಾಗಿದೆ. ಅದಾಗಿ ಮೂರು ತಿಂಗಳಿಗೆ ಅವರು ತೀರಿಕೊಂಡರು. ಮೂವತ್ತಾರು ವರ್ಷವೂ ತುಂಬಿರಲಿಲ್ಲವೇನೋ.

ಅವರ ಬಗ್ಗೆ ಒಂದು ಐತಿಹ್ಯವೂ ಇದೆ. ಸತ್ತ ಬಡ್ಡಿಕೋರನೊಬ್ಬನ ಎದೆ ಸೀಳಿ ನೋಡಿದರೆ ಹೃದಯವೇ ಇಲ್ಲ. ಅದು ಅವನ ಹಣದ ಪೆಟ್ಟಿಗೆಯಲ್ಲಿ ಸಿಕ್ಕಿತಂತೆ. ಪದುವಾದ ಬೆಸಿಲಿಕದಲ್ಲಿ ಶಿಲ್ಪಿ ದೊನಾತೆಲ್ಲೊ ಇದನ್ನು ಕಂಚಿನಲ್ಲಿ ಮಾಡಿದ್ದಾನೆ. ಐತಿಹ್ಯವನ್ನು ನಂಬಿ, ಬಿಡಿ. ಕಾನೂನು ತಿದ್ದಿಸಿದ್ದು ಇತಿಹಾಸ.

ಬಂಧುಗಳೇ, ಹುಣಸೂರು ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಬೆಳೆಯುವ ಮನೆಗಳನ್ನು ನೆನೆಯಿರಿ. ಸಸಿ, ಗೊಬ್ಬರ, ಆಳು, ಸೊಪ್ಪು ಹದಮಾಡುವ ಬ್ಯಾರನ್ನಿಗೆ ಸೌದೆ, ಎಲ್ಲವೂ ಮುಂಗಡ ಖರ್ಚು. ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಹರಾಜಿನ ದಿನ ದರ ಬಿದ್ದರೆ ವರ್ಷದ ಲೆಕ್ಕ ತಲೆಕೆಳಗು. ಇತ್ತ ಭತ್ತದ ಬಯಲಿನಲ್ಲಿ ಹೆಂಗಸರ ಗುಂಪುಗಳಿಗೆ ಮೈಕ್ರೋ ಫೈನಾನ್ಸ್ ಸಾಲ. ಒಂದರ ಕಂತು ಕಟ್ಟಲು ಇನ್ನೊಂದು, ಅದರ ಕಂತಿಗೆ ಮತ್ತೊಂದು. ಕಂತು ತಪ್ಪಿದ ಸಂಜೆ ಬಾಗಿಲ ಮುಂದೆ ವಸೂಲಿಯವರು, ಅಕ್ಕಪಕ್ಕದವರೆದುರು ಬೈಗುಳ. 2025ರ ಆರಂಭದಲ್ಲಿ ಮೈಸೂರು, ಚಾಮರಾಜನಗರ ಜಿಲ್ಲೆಗಳಿಂದ ಮನೆಗೆ ಬೀಗ ಹಾಕಿ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿ ಮೇಲಿಂದ ಮೇಲೆ ಬಂತು. ಆ ಫೆಬ್ರವರಿಯಲ್ಲಿ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತು. ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಸಜೆ, 5 ಲಕ್ಷ ರೂಪಾಯಿವರೆಗೆ ದಂಡ.

ಆ ದಿನಗಳಲ್ಲಿ ನಮ್ಮ ಸಭೆಗಳ ಪೀಠಗಳಿಂದ ಈ ಬಗ್ಗೆ ಎಷ್ಟು ಪ್ರಸಂಗಗಳು ಬಂದವು? ಸಾಲದಿಂದ ಬಿಡುಗಡೆಯಾಗಲಿ ಎಂಬ ಪ್ರಾರ್ಥನೆ ಬೇಕಾದಷ್ಟು ನಡೆದಿದೆ. ಕೂಟಕ್ಕೆ ಬಂದವರು ಕಂತಿನ ಪುಸ್ತಕವನ್ನೇ ಎತ್ತಿ ಹಿಡಿದು ಕಣ್ಣೀರಿಟ್ಟಿದ್ದಾರೆ. ಆ ಕಣ್ಣೀರು ದೇವರಿಗೆ ಮುಟ್ಟಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅಂತೋಣಿಯವರೂ ಪ್ರಾರ್ಥಿಸಿದರು, ಉಪವಾಸ ಮಾಡಿದರು. ಆಮೇಲೆ ಎದ್ದು ನಗರಸಭೆಗೆ ನಡೆದರು. ನಾವು ಆ ನಡಿಗೆಯನ್ನು ಬಿಟ್ಟು ಹರಕೆಯನ್ನಷ್ಟೇ ಉಳಿಸಿಕೊಂಡಿದ್ದೇವೆ. ಪ್ರತಿ ಚರ್ಚಿನಲ್ಲೂ ಓದುಬರಹ ಬಲ್ಲ ಹುಡುಗ ಹುಡುಗಿಯರಿದ್ದಾರೆ, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರಿದ್ದಾರೆ, ವಕೀಲರಿದ್ದಾರೆ. ವಾರಕ್ಕೊಂದು ಸಂಜೆ ಒಂದು ಮೇಜು ಹಾಕಿ ಕೂತು, ಸಾಲದ ಪತ್ರ ತಂದ ಅಕ್ಕಂದಿರಿಗೆ ಅದರಲ್ಲಿ ಏನು ಬರೆದಿದೆ, ಬಡ್ಡಿ ಎಷ್ಟು, ಕಿರುಕುಳವಾದರೆ ದೂರು ಎಲ್ಲಿ ಕೊಡಬೇಕು ಎಂದು ಓದಿ ಹೇಳಲು ಇಷ್ಟು ಸಾಕು. ಮೇಜಿನ ಮುಂದೆ ಬಂದವಳು ಯಾವ ಧರ್ಮದವಳೆಂದು ಕೇಳಬೇಕಾಗಿಲ್ಲ, ಕೇಳಲೂಬಾರದು. ಸಹಾಯಕ್ಕೆ ಪ್ರತಿಯಾಗಿ ಅವಳಿಂದ ಏನನ್ನಾದರೂ ಬಯಸಿದರೆ ನಾವೂ ಒಂದು ಬಗೆಯ ಬಡ್ಡಿಯವರೇ.

ಹೊರಗಿನ ಬಡ್ಡಿಕೋರರ ಮಾತಾಡುತ್ತ ಒಳಗಿನ ಜಾತಿಯನ್ನು ಮರೆಯಲಾಗದು. ಒಂದೇ ಪಾತ್ರೆಯಿಂದ ಪ್ರಭುಭೋಜನ ತೆಗೆದುಕೊಂಡವರು ಮದುವೆ ಮಾತಿನ ಹೊತ್ತಿಗೆ ನೀವು ಯಾವ ಕಡೆಯವರು ಎನ್ನುತ್ತಾರೆ. ಈ ದೇಶದ ಕೆಲವೆಡೆ ದಲಿತ ಕ್ರೈಸ್ತರಿಗೆ ಸಮಾಧಿಯ ಜಾಗವೂ ಬೇರೆ. ಜಾತಿಯೆಂಬ ಈ ದುರಾತ್ಮವನ್ನು ಬಿಡಿಸಲು ಉಪವಾಸ ಪ್ರಾರ್ಥನೆ ಇಟ್ಟ ಸಭೆಯನ್ನು ನಾನಿನ್ನೂ ಕಂಡಿಲ್ಲ. ಇಡಬೇಕು. ಊರಿನ ಮೇಲಿನ ಕತ್ತಲೆಯ ವಿರುದ್ಧ ಕೂಗುವ ಮೊದಲು ಇದನ್ನು ಇಡಬೇಕು.

ಗಾಳಿ ಸೋಕಿದೆ ಎಂದು ಮಗಳನ್ನು ಕರೆತಂದ ತಾಯಿಗೆ ಈ ಬಾನುಲಿಯಲ್ಲೇ ಹೇಳಬೇಕಾದ್ದು ಒಂದು ಉಳಿದಿದೆ. ಮೈಸೂರಿನಲ್ಲಿ 1935ರಲ್ಲಿ ಬಾನುಲಿ ಕೇಂದ್ರವನ್ನು ತಮ್ಮ ಮನೆಯಲ್ಲೇ ಶುರುಮಾಡಿದ ಎಂ.ವಿ.ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮನಸ್ಸಿನ ಕಾಯಿಲೆಯ ಬಗ್ಗೆ ನಾಚಿಕೆಯಿಲ್ಲದೆ ಮಾತಾಡಲು ಬಾನುಲಿಗಿಂತ ತಕ್ಕ ಜಾಗ ಇಲ್ಲ ಎಂದು ಅದಕ್ಕೇ ನನಗನ್ನಿಸುತ್ತದೆ. ಅಮ್ಮಾ, ಮಗಳನ್ನು ದೋರನಹಳ್ಳಿಗೆ ಕರೆದುಕೊಂಡು ಹೋಗಿ, ಹರಕೆ ತೀರಿಸಿ, ಫಾದರ್ ಹತ್ತಿರ ಪ್ರಾರ್ಥನೆ ಮಾಡಿಸಿ. ಬೇಡ ಅನ್ನುವುದಿಲ್ಲ. ಜೊತೆಗೆ ತಾಲ್ಲೂಕು ಆಸ್ಪತ್ರೆಗೂ ಹೋಗಿ. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೇ ಬಂದು ನೋಡಲೆಂದು ರಾಜ್ಯ ಸರ್ಕಾರ 2014ರಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮವನ್ನು ತಂದಿತು. ಅದಕ್ಕೆ ಗೊತ್ತುಮಾಡಿದ ದಿನವೂ ಮಂಗಳವಾರವೇ. ನಿಮ್ಮ ತಾಲ್ಲೂಕಿನಲ್ಲಿ ವೈದ್ಯರು ಬರುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಟೆಲಿ ಮನಸ್ ಸಹಾಯವಾಣಿಯಿದೆ, ಸಂಖ್ಯೆ 14416. ಹಗಲೂ ರಾತ್ರಿಯೂ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು.